ಮೂರನೇ ಮಹಡಿಯ ಮಾತಿನಮಲ್ಲಿ
ಮಾತು ಹಿಡಿಸಿದವರು ‘ಮಾತಿನಮಲ್ಲಿ’ ಎನ್ನುತ್ತಾರೆ, ಕಿವಿ ದಣಿದವರು ‘ವಾಚಾಳಿ’ ಎನ್ನುತ್ತಾರೆ. ತೆಲುಗು ಸೀಮೆಯ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಎರಡು ಹೆಸರೂ ಮೂರನೇ ಮಹಡಿಯ ಶಿವದೇವಕ್ಕನಿಗೇ ಸಲ್ಲುತ್ತವೆ. ತಮ್ಮ ಮಾತು ಮುಗಿಯುವ ತನಕ ಅವರು ಲಿಫ್ಟಿನ ಬಾಗಿಲು ಮುಚ್ಚಗೊಡುವುದಿಲ್ಲ. ರಾಂಗ್ ನಂಬರಿನಿಂದ ಫೋನು ಬಂದರೂ ಆ ಕಡೆಯವರ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿಯೇ ಇಡುತ್ತಾರೆ. ಕರ್ನಾಟಕದಿಂದ ಈ ಕಟ್ಟಡಕ್ಕೆ ಹೊಸ ಸೊಸೆ ಬಂದರಂತೂ ಮುಗಿಯಿತು, ತರಕಾರಿ ಗಾಡಿಯ ಯಾದಮ್ಮನ ಹತ್ತಿರ ಕರೆದೊಯ್ದು, ಅವಳ ಪರವಾಗಿ ತಾವೇ ತೆಲುಗಿನಲ್ಲಿ ಮಾತಾಡುತ್ತಾರೆ, ಅದೂ ತಪ್ಪುತಪ್ಪಾಗಿ. ಮೊನ್ನೆ ಬಾಗಲಕೋಟೆಯಿಂದ ಬಂದ ಹೊಸ ಸೊಸೆ ಶೈಲಶ್ರೀ ಬದನೆಕಾಯಿ ತೋರಿಸಿದರೆ ಇವರು ಎರಡು ಕಿಲೋ ಹಾಗಲಕಾಯಿ ತೂಕಕ್ಕೆ ಹಾಕಿಸಿದರು. ಹುಡುಗಿ ಸೆರಗು ಜಗ್ಗಿದಳು, ಬೇಡವೆಂದು ಕೈ ಆಡಿಸಿದಳು. ಇವರ ಬಾಯಿ ನಿಲ್ಲಲಿಲ್ಲ. ಕೊನೆಗೆ ತಡೆಯಲಾರದೆ ಅವಳೇ ಯಾದಮ್ಮನಿಗೆ “ವದ್ದು, ವದ್ದು! ವಂಕಾಯ ಇವ್ವಂಡಿ!” ಎಂದು, ಹಾಗಲಕಾಯಿ ಬೇಡ, ಬದನೆಕಾಯಿ ಕೊಡಿ ಎಂದು ಕೂಗಿಬಿಟ್ಟಳು. ಈ ಊರಿಗೆ ಬಂದು ತಿಂಗಳಾದ ಮೇಲೆ ಅವಳು ಆಡಿದ ಮೊದಲ ತೆಲುಗು ಅದು. ಶಿವದೇವಕ್ಕ ಥಟ್ಟನೆ ಬಾಯಿ ಮುಚ್ಚಿಕೊಂಡು, ಬದನೆಕಾಯಿ ಆರಿಸುವುದನ್ನು ಅವಳಿಗೇ ಬಿಟ್ಟು ಹಿಂದೆ ಸರಿದರು. “ಬೇಕಂತನ ಹಂಗ ಮಾಡ್ತೀರಲ್ಲರಿ ಅಕ್ಕಾ?” ಎಂದೆ, ಗಾಡಿಯ ಹತ್ತಿರವೇ ನಿಂತಿದ್ದ ನಾನು. “ನಾ ಬಂದಾಗ ನನಗೂ ತೆಲುಗು ಬರ್ತಿದ್ದಿಲ್ಲರಿ,” ಎಂದರು, ಎಂದಿಲ್ಲದಷ್ಟು ಮೆಲ್ಲಗೆ. “ಎರಡು ವರ್ಷ ಈ ಓಣ್ಯಾಗ ಎಲ್ಲಾರೂ ನಾ ಮೂಗಿ ಅಂತ ತಿಳಕೊಂಡು, ನನ್ನ ಕೂಡ ಬರೇ ಕೈಸನ್ನಿ ಮಾಡ್ತಿದ್ರು.”