ಕಾಂಡಕೋಶಕ್ಕೆ ಬಾಳೆದಿಂಡು

ಕಳೆದ ಭಾನುವಾರ ಕಾಪುವಿನ ಅಕ್ಕನ ಮನೆಗೆ ಹೋದಾಗ ಭಾವ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಲೋಟ ತೊಳೆಯದ ಮನುಷ್ಯ. (ಇದು ಅಕ್ಕನದೇ ಮಾತು, ನನ್ನದಲ್ಲ.) ಮಿಕ್ಸಿಯೊಳಗೆ ಬಾಳೆದಿಂಡು.

"ಎಂತ ಭಾವ ಇದು?"

"ಕರುಳಿಗೆ. ದಿನಾ ಬೆಳಿಗ್ಗೆ ಒಂದು ಲೋಟ. ಮೂರು ವಾರ ಆಯ್ತು."

ರಕ್ತ ಹೋಗುತ್ತಿದ್ದದ್ದನ್ನು ಭಾವ ತಿಂಗಳುಗಟ್ಟಲೆ 'ಉಷ್ಣ' ಎಂದು ತಳ್ಳಿ, ಪುನರ್ಪುಳಿ ಶರಬತ್ತು ಕುಡಿದಿದ್ದರು. ಕೊನೆಗೆ ಮಣಿಪಾಲದಲ್ಲಿ ಕ್ಯಾಮೆರಾ ಹಾಕಿ ನೋಡಿದರೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್‌ಗೆ ಡೇಟ್ ಸಿಕ್ಕಿತ್ತು. ಆಮೇಲೆ ಅದು ಮುಂದೆ ಹೋಗಿದೆ ಎಂದು ನಮಗೆಲ್ಲ ಹೇಳಿದ್ದರು. ಮುಂದೆ ಹಾಕಿದ್ದು ಆಸ್ಪತ್ರೆಯವರಲ್ಲ, ಇವರೇ ಎಂದು ಅವತ್ತು ಗೊತ್ತಾಯಿತು.

ಸಿಟ್ಟು ನೆತ್ತಿಗೇರಿತು. ನಿಮ್ಮ ಮೀನಿನ ಬೋಟಿನ ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಕರೆಯುತ್ತೀರೋ, ದಿಂಡಿನ ಜ್ಯೂಸ್ ಹೊಯ್ಯುತ್ತೀರೋ? ಯಾವ ವಾಟ್ಸಾಪ್ ಪಂಡಿತ ಹೇಳಿದ್ದು ಇದನ್ನು? ಹೆಸರು ಹೇಳಿ, ನಾಳೆಯೇ ಅವನ ಜನ್ಮ ಜಾಲಾಡುತ್ತೇನೆ ಎಂದು ಕೂಗಾಡಿದೆ.

ಭಾವ ಫ್ರಿಜ್ಜಿನ ಮೇಲಿಂದ ಪೇಪರಿನ ತುಂಡೊಂದನ್ನು ತಂದರು. ನಾನು ಬರೆಯುವ ಇದೇ ಅಂಕಣ. ನನ್ನದೇ ಫೋಟೊ. ಒಂದು ಸಾಲಿಗೆ ಅಡಿಗೆರೆ: 'ಕರುಳಿನ ಒಳಪದರವನ್ನು ದಿನನಿತ್ಯ ದುರಸ್ತಿ ಮಾಡುವುದು ಕಾಂಡಕೋಶಗಳು.'

"ಕಾಂಡ ಅಂದರೆ ದಿಂಡು ಅಲ್ವಾ ಮಾರಾಯ್ತಿ? ಹೊಟ್ಟೆಗೆ ಹೋದ ಕೂದಲು, ಕಲ್ಲು ಎಲ್ಲ ದಿಂಡು ತೆಗೆಯುತ್ತದೆ ಅಂತ ನಮ್ಮ ಅಮ್ಮನೂ ಹೇಳುತ್ತಿದ್ದರು. ನೀನು ಬೇರೆ ಬರೆದಿದ್ದಿ."

ಸ್ಟೆಮ್ ಎಂದರೆ ಕಾಂಡ, ಸೆಲ್ ಎಂದರೆ ಕೋಶ. ಯಾರೋ ಡಿಕ್ಷನರಿ ತೆರೆದು ಅಂಟಿಸಿದ ಪದ. ಅದನ್ನು ನಾನೂ ಜಂಬದಿಂದ ಎತ್ತಿಕೊಂಡಿದ್ದೆ. ವಿಜ್ಞಾನವನ್ನು ಕನ್ನಡದಲ್ಲಿ ಬರೆದೆ ಎಂದು ಬೆನ್ನು ತಟ್ಟಿಸಿಕೊಂಡಿದ್ದೆ ಕೂಡ. ಓದುವವರಿಗೆ ಅರ್ಥವಾಗದ ಮೇಲೆ ಅದು ಯಾವ ಸೀಮೆಯ ಕನ್ನಡ?

ಕೂತು ಮೊದಲಿನಿಂದ ಹೇಳಿದೆ. "ಭಾವ, ಊಟ ಹೋಗಿ ಹೋಗಿ ಕರುಳಿನ ಒಳಗಿನ ಚರ್ಮ ಸವೆಯುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳು ಉಂಟು. ಗುಂಡಿಯ ಅಡಿಯಲ್ಲಿ ತಾಯಿಕಣಗಳು, ನಾನು ಕಾಂಡಕೋಶ ಎಂದು ಬರೆದದ್ದು ಇವನ್ನೇ. ಅವು ಹೊಸ ಕಣ ಹುಟ್ಟಿಸಿ ಮೇಲೆ ಕಳಿಸುತ್ತವೆ, ಸವೆದ ಚರ್ಮ ಕೆಲವೇ ದಿನದಲ್ಲಿ ಹೊಸತಾಗುತ್ತದೆ. ಅದೇ ರಿಪೇರಿ. ಅಂಥ ಒಂದು ತಾಯಿಕಣ ಕೆಟ್ಟು, ನಿಲ್ಲಿಸುವುದನ್ನು ಮರೆತರೆ ಹುಟ್ಟಿಸುತ್ತಲೇ ಇರುತ್ತದೆ. ಗಡ್ಡೆ ಶುರುವಾಗುವುದು ಹಾಗೆ. ಅಲ್ಲಿ ಬಾಳೆದಿಂಡು ಎಂತ ಮಾಡುತ್ತದೆ?"

ಭಾವ ಮಿಕ್ಸಿಯ ಪ್ಲಗ್ ಕಿತ್ತರು.

ಸೋಮವಾರ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಈ ಮೂರು ವಾರದಲ್ಲಿ ಗಡ್ಡೆ ಮುಂದುವರಿದಿದೆಯೇ? ಸ್ಕ್ಯಾನ್ ನೋಡದೆ ಹೇಳಲಾಗದು ಎಂದರು ಡಾಕ್ಟರು. ಹೊರಗೆ ಬೆಂಚಿನಲ್ಲಿ ಕಾಯುತ್ತಾ ಕೂತಾಗ ಭಾವ ಮೆಲ್ಲಗೆ ಕೇಳಿದರು:

"ನಿನ್ನೆ ಹೇಳಿದ್ದನ್ನೇ ಅವತ್ತು ಯಾಕೆ ಬರೆಯಲಿಲ್ಲ?"