ಗೋಡೆಯ ಮೇಲಿನ ಕೆಂಪು ಬಾಳೆಹಣ್ಣು

ಹೋದ ವಾರ ಕೋಟನೂರ ಕಡೆಯ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಬಣ್ಣದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಂಗಳದ ತುಂಬ ಆ ವಾಸನೆ ಹರಡಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತೆ. ತಾನು ಬಣ್ಣ ಕದ್ದು ಉಳಿಸಿಕೊಳ್ಳದಿರಲಿ ಅಂತ ಈ ಮುದುಕ ಕಾಯುತ್ತಿದ್ದಾನೆ ಎಂದು ಬಣ್ಣದವನಿಗೆ ಅನಿಸಿರಬೇಕು. ಅದೂ ಪೂರ್ತಿ ಸುಳ್ಳಲ್ಲ. ಬಣ್ಣದ ಕೆಲಸ ಎದುರಿಗೆ ಕೂತೇ ಮಾಡಿಸಬೇಕು, ನೀವೂ ಹಾಗೇ ಮಾಡಿ. ಆದರೆ ಅವತ್ತು ನಾನು ಕೂತದ್ದು ಆ ವಾಸನೆಗೆ. ಅದು ಪೇಂಟರ್ ಚಾಚಾರ ಅಂಗಿಯ ವಾಸನೆ...

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನನ್ನದು ಟ್ರಂಕು, ಸೂಟ್‌ಕೇಸಿನ ಅಂಗಡಿ. ಮೊದಲು ಅದೇ ಜಾಗದ ಫುಟ್‌ಪಾತಿನ ಮೇಲೆ ಕೀಲಿ, ಸರಪಳಿ ಮಾರುತ್ತಿದ್ದೆ. ರೈಲಿಗೆ ಹೊತ್ತಾದವನು ಚೌಕಾಸಿ ಮಾಡುವುದಿಲ್ಲ ಎಂಬ ಒಂದೇ ವಿದ್ಯೆಯಿಂದ ಮೇಲೆ ಬಂದವನು ನಾನು. ಅಂಗಡಿಯ ಬಾಜೂಕೆ ಒಂದು ಲಾಡ್ಜು, ಅದರ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ. ಚಾಚಾರ ಕೆಲಸ ಅಲ್ಲಿಯೇ. ಅಂಗಡಿಯ ಬೋರ್ಡು, ಲಾರಿಯ ನಂಬರು, ಮದುವೆಯ ಕಮಾನು, ಏನು ಕೊಟ್ಟರೂ ಬರೆಯುತ್ತಿದ್ದರು. ಕನ್ನಡ, ಉರ್ದು, ಮರಾಠಿ ಮೂರೂ ಅವರ ಬ್ರಶ್ಶಿನಿಂದ ಒಂದೇ ಸಲೀಸಿನಲ್ಲಿ ಇಳಿಯುತ್ತಿದ್ದವು. ನನಗಿಂತ ಹಿರಿಯರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಇಡೀ ಬಜಾರಕ್ಕೆ ಅವರು ಚಾಚಾ.

ನನ್ನ ಮೊದಲ ಬೋರ್ಡು ಬರೆಸುವಾಗ ಅವರ ಜೊತೆ ಭಾರೀ ಚೌಕಾಸಿ ಮಾಡಿ ರೇಟು ಇಳಿಸಿದೆ. ಅವರು ತಕರಾರು ಮಾಡಲಿಲ್ಲ. ಬೋರ್ಡು ಏರಿಸಿದ ಮೇಲೆ ನೋಡಿದರೆ ರಸ್ತೆಯ ಆಚೆಯಿಂದ ನನ್ನ ಅಂಗಡಿಯ ಹೆಸರೇ ಕಾಣುತ್ತಿಲ್ಲ.

"ಇದೇನ್ರಿ ಚಾಚಾ?"

"ರೇಟು ಇಳದ್ರ ಅಕ್ಷರಾನೂ ಇಳೀತಾವ, ಸೇಠ."

ಬಾಕಿ ಕೊಟ್ಟು ಮತ್ತೆ ಬರೆಸಿದೆ. ಅಂದಿನಿಂದ ನಮ್ಮಿಬ್ಬರ ದೋಸ್ತಿ.

ಚಾಚಾರ ಊರು ಕಮಲಾಪುರ. ಅವರಿಗೊಬ್ಬ ತಮ್ಮನಿದ್ದ, ಅವರ ಕೈಕೆಳಗೇ ಕಲಿತವನು. ಅಕ್ಷರ ಅಣ್ಣನವು, ಚಿತ್ರ ತಮ್ಮನವು. ನನ್ನಕಿಂತ ಇವನ ಕೈ ಛಲೋ ಅದ ಅಂತ ಚಾಚಾ ತಾವೇ ಹೇಳುತ್ತಿದ್ದರು, ಆದರೆ ಅವನಿಗೆ ಕೇಳಿಸದ ಹಾಗೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹೊರಗಿನಿಂದ ಬಂದ ಒಬ್ಬ ಹಣ್ಣಿನ ವ್ಯಾಪಾರಿ ದೊಡ್ಡ ಬೋರ್ಡು ಬರೆಸಿದ. ಹಣ್ಣುಗಳನ್ನೆಲ್ಲ ತಮ್ಮ ಬರೆದ. ದ್ರಾಕ್ಷಿ, ಸೇಬು, ಮಾವು ಎಲ್ಲ ಸರಿ. ಬಾಳೆಹಣ್ಣು ಮಾತ್ರ ಕೆಂಪು! ಕಮಲಾಪುರದಲ್ಲಿ ಬೆಳೆದವನಿಗೆ ಬಾಳೆಹಣ್ಣು ಅಂದರೆ ಕೆಂಪೇ. ದಪ್ಪಗೆ, ಗಿಡ್ಡಗೆ, ಸಿಪ್ಪೆ ಸುಲಿದರೆ ಕೋಣೆಯೆಲ್ಲ ಘಮ್ ಅನ್ನುವ ಆ ನಮ್ಮ ಹಣ್ಣು ಹೊರಗಿನವನಿಗೆ ಏನು ಗೊತ್ತು? ನಡುರಸ್ತೆಯಲ್ಲಿ ನಿಂತು ಅವನು ಕೂಗಿದ: "ಇದು ಬಾಳಿಹಣ್ಣೋ ಗಜ್ಜರಿಯೋ?" ಬಾಳೆಹಣ್ಣನ್ನು ಕ್ಯಾರೆಟ್ ಅಂದದ್ದಕ್ಕೆ ಬಜಾರವೆಲ್ಲ ನಕ್ಕಿತು.

ಚಾಚಾ ಏಣಿ ಹತ್ತಿದರು. ತಮ್ಮನನ್ನು ಕೇಳಲೂ ಇಲ್ಲ. ಎಲ್ಲರ ಎದುರಿಗೇ ಆ ಕೆಂಪಿನ ಮೇಲೆ ಹಳದಿ ಬಳಿದುಬಿಟ್ಟರು. ಕೆಳಗೆ ನಿಂತಿದ್ದ ತಮ್ಮ ತನ್ನ ಬ್ರಶ್ಶು ತೊಳೆದು, ಒರೆಸಿ, ಕೋಣೆಯಲ್ಲಿಟ್ಟು ಸ್ಟೇಶನ್ ಕಡೆ ನಡೆದ. ಹೈದರಾಬಾದಿನಲ್ಲಿ ಎಲ್ಲೋ ಬಣ್ಣದ ಕೆಲಸ ಮಾಡುತ್ತಿದ್ದಾನೆ ಎಂದು ಒಮ್ಮೆ ಯಾರೋ ಹೇಳಿದರು. ಆಮೇಲೆ ಅದೂ ನಿಂತಿತು. ವರ್ಷಗಳು ಹೋದ ಹಾಗೆ, ಇದ್ದಾನೋ ಇಲ್ಲವೋ ಎಂಬುದೇ ಗೊತ್ತಾಗದಂತಾಯಿತು.

ಕಮಲಾಪುರದಲ್ಲಿ ಅವರ ತಾಯಿ ಇದ್ದರು. ಚಾಚಾ ಹೋದಾಗಲೆಲ್ಲ ಆ ಮುದುಕಿ ಬಾಗಿಲಲ್ಲೇ ಒಂದೇ ಮಾತು ಕೇಳುತ್ತಿದ್ದರಂತೆ. "ಛೋಟೇ ಕಿ ಖಬರ್ ಆಯೀ ಕ್ಯಾ?" ಸಣ್ಣವನ ಸುದ್ದಿ ಏನಾದರೂ ಬಂತಾ ಅಂತ. ಇಲ್ಲ ಅಂದರೆ ಮುಗಿಯಿತು. ತಾಟು ತಂದು ಮುಂದಿಡುವರು, ರೊಟ್ಟಿ ಬಡಿಸುವರು, ಆದರೆ ಊಟ ಮುಗಿಯುವ ತನಕ ಮಾತಿಲ್ಲ. "ಬೈದ್ರ ಛಲೋ ಇತ್ತು ಸೇಠ" ಅಂತ ಚಾಚಾ ನನಗೆ ಒಮ್ಮೆ ಹೇಳಿದ್ದರು. ಬರಬರುತ್ತ ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದರು...

ಎರಡು ಸಾವಿರದ ಈಚೆಗೆ ಬಜಾರದಲ್ಲಿ ಮಿಶಿನ್ನಿನ ಬೋರ್ಡುಗಳು ಬಂದವು. ಚಾಚಾ ಮೆಟ್ಟಿಲ ಕೆಳಗೆ ಸುಮ್ಮನೆ ಕೂತಿರುವುದು ಹೆಚ್ಚಾಯಿತು. ಅಂಥ ಒಂದು ಬ್ಯಾಸಿಗೆಯಲ್ಲಿ ನನ್ನ ಮಗಳು, ಮಗ ಇಬ್ಬರೂ ಹಟ ಹಿಡಿದರು. ಹೈದರಾಬಾದಿನ ಹೊರಗೆ ನಾಲ್ಕೈದು ವರ್ಷದ ಹಿಂದೆ ದೊಡ್ಡದೊಂದು ಪಾರ್ಕು ಆಗಿದೆ, ಜೋಕಾಲಿ, ನೀರಿನಾಟ, ಪರದೇಶದ ಬೀದಿ ಎಲ್ಲ ಇದೆ, ಹೋಗಲೇಬೇಕು. ನಾನು ವಿಚಾರಿಸಿದೆ. ಮಂದಿ ಹೆಚ್ಚಿದ್ದರೆ ಟಿಕೀಟಿನಲ್ಲಿ ಸೂಟು, ಅಂದರೆ ರಿಯಾಯಿತಿ, ಕೊಡುತ್ತಿದ್ದರು. ಹೆಂಡತಿಯ ಅಕ್ಕನ ಕುಟುಂಬವನ್ನು ಸೇರಿಸಿದರೂ ಒಂದು ತಲೆ ಕಡಿಮೆ ಬಿತ್ತು.

"ಚಾಚಾ, ನಡೀರಿ ನಮ್ಮ ಜೋಡಿ."

"ಜೋಕಾಲಿ ಆಡೂ ವಯಸ್ಸೇನೋ ನಂದು?"

"ನೀವು ಆಡಬ್ಯಾಡ್ರಿ. ತಲಿ ಎಣಿಕಿಗೆ ಬರ್ರಿ, ಸಾಕು."

ಅವರು ನಕ್ಕು ಒಪ್ಪಿದರು.

ಹೈದರಾಬಾದಿಗೆ ನಮ್ಮ ದಾರಿ ಕಮಲಾಪುರದ ಮೇಲೆಯೇ. ಮುಂಜಾನೆ ಅಲ್ಲಿ ಜೀಪು ನಿಲ್ಲಿಸಿ, ರಸ್ತೆಬದಿಯ ಹೆಣ್ಣುಮಗಳ ಹತ್ತಿರ ಜಗ್ಗಾಡಿ ಮಕ್ಕಳಿಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಂಡೆ. ಚಾಚಾ ಇಳಿಯಲಿಲ್ಲ. ಮುಖ ಆ ಕಡೆ ಮಾಡಿ ಕೂತಿದ್ದರು.

"ಅಮ್ಮೀನ ನೋಡಿ ಬರ್ರಿ, ನಾವು ನಿಂದರ್ತೀವಿ" ಅಂದೆ.

"ಬ್ಯಾಡ ಸೇಠ. ಹೋದ್ರ ಅದೇ ಮಾತು ಕೇಳ್ತಾಳ. ನನ್ನ ಬಲ್ಲಿ ಜವಾಬಿಲ್ಲ."

ಪಾರ್ಕಿನ ಬಾಗಿಲಲ್ಲಿ ಮಕ್ಕಳ ಕೈಗೆ ಒಂದೊಂದು ಚೀಟಿ ಕೊಟ್ಟರು. ಕಟ್ಟಿದವರು ಪಾರ್ಕಿನ ತುಂಬ ಅಲ್ಲಲ್ಲಿ ಅಳಿಲಿನ ಚಿತ್ರ ಬಚ್ಚಿಟ್ಟಿದ್ದಾರೆ, ಕಂಬದಲ್ಲಿ, ಬೆಂಚಿನ ಕಬ್ಬಿಣದಲ್ಲಿ, ಕಾರಂಜಿಯ ಅಂಚಿನಲ್ಲಿ. ಹುಡುಕಿದವರಿಗೆ ಒಂದು ಟೋಪಿ. ಇಂಥ ಕಡೆ ಹೋದರೆ ಮೊದಲು ಕಟ್ಟಕಡೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬನ್ನಿ; ಬಾಗಿಲ ಹತ್ತಿರ ಎಲ್ಲರೂ ಗದ್ದಲ ಮಾಡುತ್ತಿರುತ್ತಾರೆ. ನಾನು ಹಾಗೇ ಮಾಡಿಸಿದೆ. ಜೊತೆಗೆ ಒಬ್ಬ ಕಾವಲುಗಾರನನ್ನು ಪಕ್ಕಕ್ಕೆ ಕರೆದು, "ಅಳಿಲು ಎಲ್ಲೆಲ್ಲಿ ಅದಾವ, ನನಗಷ್ಟ ಹೇಳಪಾ" ಎಂದೂ ಕೇಳಿದೆ. ಅವನು ತೆಲುಗಿನಲ್ಲಿ ನಕ್ಕ.

ಚಾಚಾರ ದಾರಿಯೇ ಬೇರೆ. ಅವರು ಮಕ್ಕಳಿಗೆ ಹೇಳಿದರು: "ಅಳಿಲು ಹುಡುಕಬ್ಯಾಡ್ರಿ. ಬರದಾಂವ ಎಲ್ಲಿ ಕುಂತಿದ್ದ, ಅದನ್ನ ಹುಡುಕ್ರಿ. ಮಧ್ಯಾಹ್ನ ನೆರಳ ಎಲ್ಲಿ ಬೀಳತದ? ಕುಂತಲ್ಲೇ ಕೈ ಎಲ್ಲಿಗೆ ಮುಟ್ಟತದ? ಕೆಲಸದಾಂವ ಆಟ ಆಡೂದು ಅಲ್ಲೇ." ಮಕ್ಕಳು ಹಾಗೇ ಹುಡುಕತೊಡಗಿದರು. ಮೆಟ್ಟಿಲ ಬಗಲಲ್ಲಿ ಒಂದು, ಕಮಾನಿನ ಒಳಮಗ್ಗುಲಲ್ಲಿ ಒಂದು, ನಲ್ಲಿಕಟ್ಟೆಯ ಹಿಂದೆ ಒಂದು... ಸಿಕ್ಕಾಗೊಮ್ಮೆ ಕೇಕೆ. ಜೋಕಾಲಿಯ ನೆನಪೇ ಅವರಿಗೆ ಇರಲಿಲ್ಲ.

ಹಾಗೆ ಹುಡುಕುತ್ತ ಪರದೇಶದ ಬೀದಿಗೆ ಬಂದೆವು. ಅಲ್ಲಿ ಮನೆಗಳೆಲ್ಲ ಬರೀ ಗೋಡೆ, ಕಿಟಕಿಯೂ ಚಿತ್ರ, ಪರದೆಯೂ ಚಿತ್ರ. ಬೀದಿಯ ಕೊನೆಗೆ ಒಂದು ಹಣ್ಣಿನಂಗಡಿ, ಅದೂ ಗೋಡೆಯ ಮೇಲೆ ಬರೆದದ್ದು. ಮಗಳು ಕೂಗಿದಳು:

"ಚಾಚಾ, ಇವರಿಗೆ ಬಾಳಿಹಣ್ಣು ಬರ್ಯಾಕ ಬರಂಗಿಲ್ಲ! ಕೆಂಪು ಮಾಡ್ಯಾರ!"

"ಏ ಹುಚ್ಚಿ, ಅದು ಕಮಲಾಪುರದ್ದು" ಅಂದ ಮಗ. "ಮುಂಜಾನಿ ನೀ ಮೂರು ತಿಂದಿಲ್ಲೇನ?"

ನಾನು ನಕ್ಕು ಚಾಚಾರ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ. ಚಶ್ಮಾ ಒರೆಸಿಕೊಂಡು ಗೋಡೆಗೆ ಮುಖ ಹಚ್ಚುವಷ್ಟು ಹತ್ತಿರ ಹೋದರು. ಹಿಂದೆ ಬಂದರು. ಮತ್ತೆ ಹೋದರು.

"ಸೇಠ, ಸೇಬು ನೋಡು. ದಾಳಿಂಬರ ನೋಡು."

ನೋಡಿದೆ. ಸೇಬು ತಿಳಿಗುಲಾಬಿಯಾಗಿತ್ತು. ದಾಳಿಂಬರವೂ, ಅಂಗಡಿಯ ಮುಂದಿನ ಪಟ್ಟಾಪಟ್ಟಿ ಪರದೆಯೂ ಬಿಸಿಲಿಗೆ ಬಿಳಿಚಿಕೊಂಡಿದ್ದವು.

"ಎಲ್ಲಾ ಬಣ್ಣದಾಗ ಕೆಂಪು ಮೊದಲು ಸಾಯ್ತದ. ಇಲ್ಲೂ ಸತ್ತದ. ಈ ಬಾಳಿಹಣ್ಣಿಂದು ಮಾತ್ರ ಸತ್ತಿಲ್ಲ. ಯಾರೋ ಬಂದು ಇದೊಂದಕ್ಕ ಮತ್ತ ಮತ್ತ ಬಣ್ಣ ಕೊಟ್ಟಾರ. ಇದು ಹೋದ ಮಳಿಗಾಲ ಆದಮ್ಯಾಲ ಕೊಟ್ಟಿದ್ದು." ಆ ಕೆಂಪಿನ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದರು, "ಅಂವ ಅದಾನ, ಸೇಠ."

ನನ್ನ ಸ್ವಭಾವ ಗೊತ್ತಲ್ಲ. ಆಗಿಂದಾಗಲೇ ಆಫೀಸಿಗೆ ನಡೆಯಿರಿ ಅಂದೆ. ಬಣ್ಣದ ಗುತ್ತಿಗೆ ಯಾರದು, ಯಾರು ಬರುತ್ತಾರೆ, ಎಲ್ಲಿರುತ್ತಾರೆ, ಎಲ್ಲ ಹೊರಗೆ ತೆಗೆಯುತ್ತೇನೆ. ಸಂಜೆಯೊಳಗೆ ಅವನನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ನಾನು ಹೊರಟೇಬಿಟ್ಟಿದ್ದೆ. ಚಾಚಾ ನನ್ನ ತೋಳು ಹಿಡಿದರು.

"ಬ್ಯಾಡ ಸೇಠ. ಹತ್ತು ಮಂದಿ ಮುಂದ ಅವನ ಬಣ್ಣ ಮುಚ್ಚೀನಿ ನಾನು. ಈಗ ಹತ್ತು ಮಂದಿ ಕೈಲೆ ಅವನ್ನ ಹಿಡಸ್ಲೇನು?"

ನಾನು ಹೆಜ್ಜೆ ಹಿಂದಕ್ಕೆ ತೆಗೆದೆ. ಅವರು ಗೋಡೆಯ ಮುಂದೆ ನಿಂತೇ ಇದ್ದರು. ಬಹಳ ಹೊತ್ತಾದ ಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಬೇಟೀ, ಕಾಡಿಗಿ ಡಬ್ಬಿ ಅದ ಏನು?" ಎಂದು ಕೇಳಿದರು. ಮಗನಿಗೆ ದೃಷ್ಟಿಬೊಟ್ಟು ಇಡಲು ಅವಳು ಡಬ್ಬಿಯನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಕೊಟ್ಟಳು. ಚಾಚಾ ಒಂದು ಕಡ್ಡಿಯ ತುದಿಯನ್ನು ಕಾಡಿಗೆಯಲ್ಲಿ ಅದ್ದಿದರು. ನಮ್ಮ ಕೆಂಪು ಬಾಳೆ ಪೂರ್ತಿ ಹಣ್ಣಾದಾಗ ಸಿಪ್ಪೆಯ ಮೇಲೆ ಕಪ್ಪು ಚಿಕ್ಕೆ ಬೀಳುತ್ತವೆ. ಅಂಥ ಚಿಕ್ಕೆ ಇಡತೊಡಗಿದರು, ಒಂದೊಂದೇ.

ಅಷ್ಟರಲ್ಲಿ ಕಾವಲುಗಾರ ಈ ಕಡೆ ಬಂದ. ಇನ್ನು ನನ್ನ ಕೆಲಸ. ಅವನ ಕಾಲಿನ ಬೂಟು ತೋರಿಸಿ, ಎಲ್ಲಿ ಕೊಂಡೆ, ಎಷ್ಟು ಕೊಟ್ಟೆ ಅಂತ ಹರಕು ಹಿಂದಿಯಲ್ಲಿ ಶುರುಮಾಡಿದೆ. ನಿನಗೆ ಮೋಸ ಆಗಿದೆ ಅಂದೆ. ಬೂಟಿನ ತಳ ತಿರುಗಿಸಿ ತೋರಿಸು ಅಂದೆ. ಪಾಪ, ಬೂಟು ಬಿಚ್ಚಿ ಒಂಟಿಗಾಲಲ್ಲಿ ನಿಂತು ತೋರಿಸಿದ. ಅವನು ಬೂಟು ಹಾಕಿಕೊಳ್ಳುವ ಹೊತ್ತಿಗೆ ಚಾಚಾ ಕೈ ಒರೆಸಿಕೊಳ್ಳುತ್ತಿದ್ದರು.

"ಅಂವ ಕಾಯಿ ಬರದು ಬಿಟ್ಟಿದ್ದ" ಅಂದರು. "ಹಣ್ಣು ಮಾಡೀನಿ."

ವಾಪಸು ಬರುವಾಗ ಕಮಲಾಪುರದಲ್ಲಿ ಅವರೇ ಜೀಪು ನಿಲ್ಲಿಸಿದರು. ಓಣಿಯೊಳಗೆ ಹೋದವರು ಬೇಗ ಬರಲಿಲ್ಲ. ಮಕ್ಕಳು ಮಲಗಿಬಿಟ್ಟಿದ್ದರು. ಬಂದು ನನ್ನ ಪಕ್ಕದಲ್ಲಿ ಕೂತ ಮೇಲೆ ಕೇಳಿದೆ.

"ಏನಂದ್ರು ಅಮ್ಮೀ?"

"ಕೂಡು, ಉಂಡು ಹೋಗು ಅಂದಳು."

"ಉಂಡ್ರೇನು?"

"ಮಾತಾಡಕೋತ ಉಂಡೆ" ಅಂದರು.

ಮುಂದಿನ ವರ್ಷ ನನ್ನ ಹೆಂಡತಿಯ ತಮ್ಮ ತನ್ನ ಮಕ್ಕಳನ್ನು ಕರೆದುಕೊಂಡು ಅದೇ ಪಾರ್ಕಿಗೆ ಹೊರಟ. ಆ ಗೋಡೆಯದೊಂದು ಫೋಟೋ ತೆಗೆದುಕೊಂಡು ಬಾ, ಮುಂದೆ ನಿನ್ನ ಹೆಂಡತಿ ಮಕ್ಕಳನ್ನು ನಿಲ್ಲಿಸಬೇಡ ಎಂದು ಮತ್ತೆ ಮತ್ತೆ ಹೇಳಿ ಕಳಿಸಿದೆ. ರೀಲು ತೊಳೆಸಿ ಫೋಟೋ ಬಂದಾಗ ಚಾಚಾರನ್ನು ಕರೆದೆ. ಅವರು ಅದನ್ನು ಬೆಳಕಿಗೆ ಹಿಡಿದರು. ಕಾಡಿಗೆಯ ಚಿಕ್ಕೆಗಳು ಇದ್ದವು. ಅಳಿಸಿ ಹೋಗದ ಹಾಗೆ ಯಾರೋ ಮೇಲೆ ವಾರ್ನಿಶ್ ಹೊಡೆದಿದ್ದರು, ಹೊಳೆಯುತ್ತಿತ್ತು. ಆಮೇಲೆ ಚಾಚಾರ ಬೆರಳು ಒಂದು ಕಡೆ ನಿಂತಿತು. ಚಿಪ್ಪಿನಲ್ಲಿ ಒಂದು ಹಣ್ಣು ಇರಲಿಲ್ಲ. ಅದಿದ್ದ ಜಾಗದಲ್ಲಿ ಬರೀ ಮುರಿದ ತೊಟ್ಟು. ಕೆಳಗೆ ಕಿಟಕಿಯ ಕಟ್ಟೆಯ ಮೇಲೆ, ಅದೇ ಈಗ ಯಾರೋ ತಿಂದಿಟ್ಟ ಹಾಗೆ, ಒಂದು ಕೆಂಪು ಸಿಪ್ಪೆ.

ಚಾಚಾ ನಕ್ಕರು ನೋಡಿ... ಲಾಡ್ಜಿನವರು ಮೇಲಿನಿಂದ ಹಣಿಕಿ ಹಾಕಿದರು.

"ತಿಂದಾನ ಸೇಠ! ಬದ್ಮಾಶ್, ತಿಂದು ಸಿಪ್ಪಿ ಅಲ್ಲೇ ಇಟ್ಟಾನ!"

ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಮರುದಿನ ಮೆಟ್ಟಿಲ ಕೆಳಗಿನ ಕೋಣೆಗೆ ಕೀಲಿ ಬಿದ್ದಿತ್ತು. ಒಬ್ಬರೇ ಹೈದರಾಬಾದ್ ಬಸ್ಸು ಹತ್ತಿದ್ದರು, ನನ್ನನ್ನು ಒಂದು ಮಾತೂ ಕೇಳದೆ. ಅಲ್ಲಿ ಅವನನ್ನು ಹೇಗೆ ಹುಡುಕಿದರೋ, ವಾಪಸು ಬರುವಾಗ ಕಮಲಾಪುರದಲ್ಲಿ ಇಬ್ಬರು ಇಳಿದರಂತೆ. ತಾಯಿ ಸಣ್ಣ ಮಗನನ್ನು ಕಣ್ಣಾರೆ ಕಂಡರು. ಅವನು ಹೈದರಾಬಾದಿನ ಕೆಲಸ ಬಿಡಲಿಲ್ಲ, ಆದರೆ ಹಬ್ಬಕ್ಕೆ ಬರತೊಡಗಿದ. ಅಣ್ಣ ತಮ್ಮ ಏನು ಮಾತಾಡಿಕೊಂಡರೋ, ಚಾಚಾ ನನಗೆ ಹೇಳಲಿಲ್ಲ. ಎಲ್ಲದರ ರೇಟು ಕೇಳುವ ನಾನು ಅದನ್ನು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಚಾಚಾ ತೀರಿಕೊಂಡರು. ಮಣ್ಣಿಗೆ ಕಮಲಾಪುರಕ್ಕೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ತಮ್ಮ ನನ್ನನ್ನು ಗೋಡೆಯ ನೆರಳಿಗೆ ಕರೆದ. ಅವನ ತಲೆಯೂ ಬೆಳ್ಳಗಾಗಿತ್ತು.

"ಸೇಠ, ಖರೆ ಹೇಳ್ರಿ. 'ಬಾಳಿಹಣ್ಣು ಹುಡುಗರು ಕಂಡ್ರು, ನಾ ಬರೇ ಚಾ ಕುಡಕೋತ ಕುಂತಿದ್ದೆ' ಅಂತಿದ್ದ ಭಾಯಿ. ಅವತ್ತ ಅಂವ ಆ ಗ್ವಾಡಿ ಮುಂದ ಎಷ್ಟೊತ್ತು ನಿಂತಿದ್ದ?"

ಲೆಕ್ಕದಲ್ಲಿ ನಾನು ಎಂದೂ ತಡವರಿಸಿದವನಲ್ಲ. ಅವತ್ತು ತಡವರಿಸಿದೆ.

"ಹುಡುಗರು ಹಸದು ಅಳಾಕ ಹತ್ತೂ ತನಕ ನಿಂತಿದ್ರು" ಅಂದೆ. "ಅವು ಅತ್ತಿದ್ದೂ ಅವರಿಗೆ ಕೇಳಿಸಲಿಲ್ಲ."

ಅವನು ತಲೆ ಆಡಿಸಿದ. ಮಂದಿ ಹೊರಟು ನಿಂತಿದ್ದರು. ಅವರನ್ನು ಕಳಿಸಿಕೊಡಲು ಹೋದ.

ಈಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ನಾನು ಮುಂಜಾನೆ ಹೋಗಿ ಕೂತು, ಬಂದವರಿಗೆ ಸಲಹೆ ಕೊಡುತ್ತೇನೆ: ಮಗಳ ಮದುವೆಗೆ, ಪ್ಲಾಟು ಕೊಳ್ಳುವುದಕ್ಕೆ, ಅಣ್ಣ ತಮ್ಮರ ಜಗಳಕ್ಕೆ ಕೂಡ. ಎಲ್ಲರೂ "ಹೌದ್ರಿ ಸಾವ್ಕಾರ್ರ" ಅನ್ನುತ್ತಾರೆ. ಬ್ಯಾಡ ಸೇಠ ಅಂತ ತೋಳು ಹಿಡಿಯುವವರು ಮಾತ್ರ ಇಲ್ಲ...