ಸರ್‌ನೇಮ್ ಇಲ್ಲದ ಅಮ್ಮ

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನನ್ನ ಮನೆಗೆ ಬಂದ ನಾಲ್ಕನೇ ದಿನವೇ ಅಮ್ಮನ ಮಂಡಿ ಊದಿತು. ಕ್ಯಾನಿಂಗ್ ವೇಲ್‌ನ ಕ್ಲಿನಿಕ್ಕಿಗೆ ಬಂದರೆ, ಸರ್‌ನೇಮ್ ತುಂಬದೆ ಕಂಪ್ಯೂಟರ್ ಮುಂದಕ್ಕೇ ಹೋಗದು. ಪಾಸ್‌ಪೋರ್ಟಿನಲ್ಲಿರುವುದು ಬರೀ ಜಯಮ್ಮ.

“ಎಲ್ರಿಗೂ ಇರುತ್ತಲ್ವಾ, ಡಿಯರ್?” ಎಂದಳು ರಿಸೆಪ್ಷನಿಸ್ಟ್. ಅವಳ ಸರ್‌ನೇಮ್ ವೋಸ್. ಡಚ್ ಭಾಷೆಯಲ್ಲಿ ನರಿ ಎಂದರ್ಥವಂತೆ. ಅವಳ ಪೂರ್ವಿಕರ ಹೋಟೆಲಿನ ಬೋರ್ಡಿನಲ್ಲಿದ್ದ ನರಿಯೇ ಮನೆತನಕ್ಕೆ ಅಂಟಿತಂತೆ. ಆ ಕಂಪ್ಯೂಟರಿನಲ್ಲಿ ನರಿಗೆ ಜಾಗವಿದೆ, ನಮ್ಮಮ್ಮನಿಗಿಲ್ಲ! ಮೂರು ಸಲ ವಿವರಿಸಿ ತಲೆ ಚಿಟ್ಟು ಹಿಡಿದು, ಕೊನೆಗೆ ಅಪ್ಪನ ಹೆಸರನ್ನೇ ಬರೆಸಿದೆ. ಹೊತ್ತು ಹೋಗಲೆಂದು ಅಮ್ಮನಿಗೆ ನರಿಯ ಕಥೆ ಹೇಳುತ್ತಾ ಕೂತೆ.

“ಮಿಸೆಸ್ ರಂಗಪ್ಪಾ!” ಎಂದು ಎಲ್ಲರೆದುರು ಕೂಗಿದಳು ವೋಸ್.

ಐವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರೆತ್ತದ ಅಮ್ಮ, ಸೆರಗು ಎಳೆದುಕೊಂಡು ನನ್ನ ಮೇಲೆ ಕೆಂಡ ಕಾರಿದಳು: “ಅದರ ಬದಲು ನರಿ ಅಂತ್ಲೇ ಬರೆಸ್ಬಾರ್ದಿತ್ತೇನೇ!”